ಒಂದೇ ಕೈಯ ಹಲಗಿ

ಚರ್ಚಿನೊಳಗೆ ಹಲಗಿ ಬಾರಿಸುವುದು ಬೇಡ ಎಂದು ಫಾದರ್ ಹೇಳಿದ ದಿನ ನಾನು ಊಟ ಬಿಟ್ಟೆ. ಮೂಡಲಗಿ ಕಡೆಯ ನಮ್ಮೂರಿನಲ್ಲಿ ಚರ್ಚು ಕಟ್ಟುವಾಗ ಕಲ್ಲು ಹೊತ್ತವನು ನಮ್ಮಪ್ಪ. ಮೊದಲ ಪೂಜೆಗೆ ಹಲಗಿ ಬಾರಿಸಿದವನೂ ಅವನೇ. ಈಗ ಬಿಷಪ್ಪರು ಬರುವ ಹಬ್ಬಕ್ಕೆ ನಾನು ಬಾಗಿಲವರೆಗೆ ಮಾತ್ರ ಬಾರಿಸಬೇಕಂತೆ. ಒಳಗೆ ಹುಕ್ಕೇರಿಯ ಶುಭಮ್ ಕೀಬೋರ್ಡ್ ನುಡಿಸುತ್ತಾನಂತೆ, ಎಲ್ಲರೂ ನಿಧಾನವಾಗಿ, ಭಕ್ತಿಯಿಂದ ನಡೆಯಬೇಕಂತೆ.

ತಪ್ಪು ಫಾದರ್‌ದಲ್ಲ. ಕ್ರಿಸ್‌ಮಸ್ ಪೂಜೆಯಲ್ಲಿ ಅವರು ಪ್ರಸಾದದ ರೊಟ್ಟಿ ಎತ್ತಿ ಹಿಡಿದಾಗ ನನ್ನ ಹಲಗಿ ಕೇಳಿ ಹುರುಪು ಬಂದು ಗೆಳೆಯ ಗುಡ್ಡಪ್ಪ ಎರಡೂ ಕೈಯ ಬೆರಳು ಬಾಯಿಗಿಟ್ಟು ಸೀಟಿ ಹೊಡೆದಿದ್ದ. ಇದು ಕುಸ್ತಿ ಕಣವಲ್ಲ ಎಂದು ಫಾದರ್ ಬೈದರು. ಸೀಟಿ ಅವನದು, ಶಿಕ್ಷೆ ನನ್ನ ಹಲಗಿಗೆ.

ಹಬ್ಬದ ದಿನ ಮುಂದೆ ಆರತಿ ಹಿಡಿದ ಹೆಂಗಸರು, ಹಿಂದೆ ಬಿಷಪ್ಪರು. ಬಾಗಿಲು ಬಂತು, ನಾನು ಹಲಗಿ ನಿಲ್ಲಿಸಿದೆ. ಹೆಂಗಸರೂ ನಿಂತರು. ನಮ್ಮ ಮೆರವಣಿಗೆಯಲ್ಲಿ ಹೆಜ್ಜೆ ಹಲಗಿಯದು. ಅದು ನಿಂತರೆ ಮತ್ತೆ ಪೆಟ್ಟು ಬೀಳುವ ತನಕ ನಿಂತಲ್ಲೇ ತೂಗುತ್ತಿರಬೇಕು. ಒಳಗೆ ಶುಭಮ್ ನುಡಿಸಿದ್ದೇ ನುಡಿಸಿದ್ದು. ಹೆಂಗಸರು ತೂಗಿದ್ದೇ ತೂಗಿದ್ದು. ಬಿಸಿಲಲ್ಲಿ ಬಿಷಪ್ಪರ ಟೋಪಿಯ ಕೆಳಗಿಂದ ಬೆವರು ಇಳಿಯತೊಡಗಿತು.

ಫಾದರ್ ಸಂದಿಯಲ್ಲಿ ನುಸುಳಿ ಬಂದು ಬಾರಿಸಲು ಹೇಳಿದರು.

"ಬಾಗಲದ ಮಟಾ ಅಂದಿದ್ರಿ," ಎಂದೆ. "ಬಾಗಲಾ ಬಂತ್ರಿ, ಫಾದರ್."

ಆರತಿ ಹಿಡಿದಿದ್ದ ನನ್ನ ಅಕ್ಕ ಕರೆವ್ವ ತಿರುಗಿದಳು. "ಮಾಯಪ್ಪ, ನಿನ್ನ ಸಿಟ್ಟು ನೋಡಾಕ ಬಂದಾರೇನು ಅವರು? ದೀಪ ಆರಾಕತ್ತೈತಿ. ಬಾರ್ಸು."

ಒಂದು ಸೀಟಿ ಕೇಳಿದರೂ ಇದೇ ಕೊನೆಯ ಹಲಗಿ ಎಂದು ಫಾದರ್ ನನ್ನ ಕಿವಿಯಲ್ಲಿ ಹೇಳಿದರು. ಬಾರಿಸುತ್ತಾ ಒಳಗೆ ಹೋದೆ.

ಅರ್ಧ ದಾರಿಯಲ್ಲಿ, ಬೆಂಚಿನ ತುದಿಯಲ್ಲಿ ಗುಡ್ಡಪ್ಪ. ಕಣ್ಣು ಮಿನುಗುತ್ತಿವೆ, ಎರಡೂ ಕೈ ಬಾಯಿಯ ಕಡೆ ಏಳುತ್ತಿವೆ. ದೇವರ ಮನೆಯಲ್ಲಿ ಬೈಯುವಂತಿಲ್ಲ. ಎಡಗೈಯ ಸಣ್ಣ ಕೋಲು ಬಿಸಾಕಿ ಅವನ ಮಣಿಕಟ್ಟು ಹಿಡಿದೆ. ಹಲಗಿ ಕೊರಳಲ್ಲಿ ತೂಗುತ್ತಿತ್ತು, ಬಲಗೈ ಒಂದೇ ಉಳಿಯಿತು. ಪೆಟ್ಟು ಅರ್ಧಕ್ಕಿಳಿಯಿತು, ಹೆಂಗಸರ ಹೆಜ್ಜೆಯೂ ಇಳಿಯಿತು, ಬಿಷಪ್ಪರದೂ ಇಳಿಯಿತು. ಫಾದರ್ ಬಯಸಿದ ನಡಿಗೆ ಅದೇ. ಬಿಟ್ಟರೆ ಸೀಟಿ ಹೊಡೆದಾನೆಂದು ಗುಡ್ಡಪ್ಪನನ್ನೂ ಎಳೆದುಕೊಂಡೇ ಪೀಠದವರೆಗೆ ಹೋದೆ.

ಇಬ್ಬರು ಅಣ್ಣತಮ್ಮಂದಿರು ಕೈ ಹಿಡಿದು ದೇವರ ಮುಂದೆ ಬಂದದ್ದನ್ನು ಕಂಡು ತಮಗೆ ಕಣ್ಣು ತುಂಬಿತೆಂದು ಬಿಷಪ್ಪರು ಪ್ರವಚನದಲ್ಲಿ ಹೇಳಿದರು. ಫಾದರ್ ನೆಲ ನೋಡಿದರು. ರೊಟ್ಟಿ ಎತ್ತಿದಾಗ ಗಂಟೆ ಬಿಟ್ಟು ಬೇರೆ ಸದ್ದಿರಲಿಲ್ಲ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಫಾದರ್ ಬಂದರು. ಇನ್ನು ಮುಂದೆ ಒಳಗೂ ಬಾರಿಸಿ, ಆದರೆ ಹೀಗೇ ಎಂದರು.

"ಒಂದ ಕೈಲೇನ್ರಿ?"

"ಇನ್ನೊಂದರಲ್ಲಿ ಇವರಿರಬೇಕು."

ಗುಡ್ಡಪ್ಪ ನರಳಿದ. "ಈಗರ ಬಿಡೋ ಮಾರಾಯಾ. ಪೂಜಿ ಮುಗದೈತಿ."

ಬಿಟ್ಟೆ. ಅವನು ಮಣಿಕಟ್ಟು ತಿಕ್ಕಿಕೊಂಡು, ಚರ್ಚಿನ ಬಾಗಿಲಿನಿಂದ ದೂರ ಹುಣಸೆ ಮರದ ತನಕ ನಡೆದುಹೋಗಿ, ಎರಡೂ ಕೈ ಬಾಯಿಗಿಟ್ಟ.