ತೊಟ್ಟಿಲ ಹಾಡಿನಲ್ಲಿ ಗುಂಯ್

ಸಂಜೆಯೊಳಗೆ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕು, ಇಲ್ಲಿ ನೋಡಿದರೆ ಈ ಹಾಳು ಕಂಪ್ಯೂಟರು ಗುಂಯ್ ಅನ್ನುವುದನ್ನು ನಿಲ್ಲಿಸುತ್ತಿಲ್ಲ. ನಾಳೆ ಅವರ ಗಂಟಲಿಗೆ ಆಪರೇಷನ್. ಆಮೇಲೆ ದನಿ ಉಳಿಯುವುದು ಅನುಮಾನ ಅಂತ ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದಾರೆ. ನಮ್ಮನೆಯಲ್ಲಿ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಹಾಡುವವರು ನಮ್ಮತ್ತೆ ಸೀತಮ್ಮನವರೇ. ನನ್ನ ಮಗಳು ತನ್ಮಯಿ ಈಗ ಏಳು ತಿಂಗಳ ಬಸುರಿ. ಅವಳ ಮಗುವಿಗೂ ಅದೇ ದನಿ ಬೇಕು. ಇವತ್ತು ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಫೋನಿನಲ್ಲಿ ಹಿಡಿದರೆ ಕತ್ರಿಗುಪ್ಪೆ ಮೇನ್ ರೋಡಿನ ಹಾರ್ನೆಲ್ಲ ಒಳಗೆ ಬಂತು. ತನ್ಮಯಿ ಬಿಟ್ಟುಹೋಗಿದ್ದ ಮೈಕನ್ನು ಕಂಪ್ಯೂಟರಿಗೆ ಚುಚ್ಚಿದೆ. ಹಾರ್ನು ಹೋಯಿತು, ಈ ಗುಂಯ್ ವಕ್ಕರಿಸಿತು. ಫ್ರಿಜ್ ಆರಿಸಿದೆ, ಫ್ಯಾನ್ ಆರಿಸಿದೆ, ಯುಪಿಎಸ್ಸನ್ನೂ ಬಿಡಲಿಲ್ಲ. ಊಹೂಂ! ಹಳೇ ಮನೆ, ಅರ್ಥಿಂಗ್ ಸರಿಯಿಲ್ಲ, ಯಾರನ್ನಂತ ಬೈಯುವುದು? ಕೊನೆಗೆ ಅಂಜನಾಪುರದಲ್ಲಿರುವ ತನ್ಮಯಿಗೇ ಫೋನ್ ಮಾಡಿದೆ.

"ಅಮ್ಮ, ಗುಂಯ್ ಅಂದ್ರೆ ಅನ್ನಲಿ, ರೆಕಾರ್ಡ್ ಮಾಡ್ಬಿಡು. ಹಾಡು ಶುರುವಾಗೋಕ್ ಮುಂಚೆ ಯಾರೂ ಮಾತಾಡ್ದೇ ಇರೋ ಜಾಗ ಇರತ್ತಲ್ಲ, ಅದನ್ನ ಸೆಲೆಕ್ಟ್ ಮಾಡಿ ಇದೇ ಗಲಾಟೆ ಅಂತ ತೋರ್ಸು. ಆ ಸದ್ದನ್ನ ಹಾಡಿನ ಉದ್ದಕ್ಕೂ ಕಂಪ್ಯೂಟರೇ ತೆಗೆದ್ಹಾಕತ್ತೆ."

ಅತ್ತೆ ಹಾಡಿದರು. ನಾನು ಅವಳು ಹೇಳಿದ ಹಾಗೇ ತೋರಿಸಿದೆ, ಸೇವ್ ಮಾಡಿದೆ, ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಮಾಯ. ಜೊತೆಗೆ ಅತ್ತೆಯ ದನಿಯೂ ಅರ್ಧ ಮಾಯ! ಬಾವಿಯೊಳಗೆ ಯಾರೋ ಗೊಣಗಿದ ಹಾಗಿತ್ತು.

"ಅತ್ತೆ, ಹಾಡೋಕ್ ಮುಂಚೆ ಏನ್ ಮಾಡ್ತಿದ್ರಿ?"

"ಶ್ರುತಿ ಹಿಡ್ಕೋತಿದ್ದೆ ಕಣೆ. ಬಾಯ್ ಮುಚ್ಕೊಂಡು ಮ್... ಅಂತ. ಯಾವಾಗ್ಲೂ ಹಾಗೇ ಅಲ್ವಾ?"

ಯಾವಾಗಲೂ ಹಾಗೇ. ಕೇಳಿ ಕೇಳಿ ಅದು ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅತ್ತೆಯ ದನಿಯನ್ನೇ ಗಲಾಟೆ ಅಂತ ತೋರಿಸಿ, ಹಳೆಯದರ ಮೇಲೇ ಸೇವ್ ಮಾಡಿ ಕೂತಿದ್ದೆ, ಬುದ್ಧಿವಂತೆ!

"ಹೋಗ್ಲಿ ಬಿಡು, ಇನ್ನೊಂದ್ಸಲ ಹಾಡ್ತೀನಿ," ಎಂದು ಅತ್ತೆ ಕೆಮ್ಮುತ್ತಾ ಗಂಟಲು ಹಿಡಿದುಕೊಂಡರು. ಹೊರಡುವ ಹೊತ್ತಾಗುತ್ತಿತ್ತು.

"ಹಾಡಿ. ಆದ್ರೆ ಮೊದ್ಲು ಸ್ವಲ್ಪ ಹೊತ್ತು ದಯವಿಟ್ಟು ಉಸಿರೆತ್ಬೇಡಿ!" ಎಂದು ರೇಗಿಬಿಟ್ಟೆ. ಅಂದಮೇಲೆ ನಾಲಗೆ ಕಚ್ಚಿಕೊಂಡೆ.

ಅತ್ತೆ ಸುಮ್ಮನೆ ಕೂತರು. ಮ್ ಕೂಡ ಇಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವರು ಎದುರಿಗಿದ್ದೂ ಇಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ನಾಳೆಯಿಂದ ಹೀಗೇನಾ ಅಂತ ಭಯವಾಯಿತು. ತಡೆಯಲಾರದೆ, ಸಾಕು ಹಾಡಿ ಎಂದು ಕೈಸನ್ನೆ ಮಾಡಿದೆ.

ದನಿ ಒಡೆಯುತ್ತಿತ್ತು, ಆದರೂ ಬಿಡದೆ ಹಾಡಿದರು. ಮಗುವನ್ನು ಹೆಸರು ಹಿಡಿದು ಕರೆಯುವ ಸಾಲು ಬಂದಾಗ ಥಟ್ಟನೆ ನಿಲ್ಲಿಸಿ, ಬೆರಳಲ್ಲಿ ತಾಳ ಎಣಿಸಿ, ಮುಂದಿನ ಸಾಲು ಎತ್ತಿಕೊಂಡರು.

ಗುಂಯ್ ತೆಗೆದು, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ದನಿ ಹಾಗೇ ಇತ್ತು, ಒಡಕಿನ ಸಮೇತ. ಹೆಸರಿನ ಜಾಗ ಮಾತ್ರ ಖಾಲಿ.

"ಇಲ್ಲಿ ಮರ್ತ್‌ಹೋಯ್ತಾ ಅತ್ತೆ?"

"ಅದಕ್ಕಿನ್ನೂ ಹೆಸ್ರೇ ಇಟ್ಟಿಲ್ವಲ್ಲೇ," ಅತ್ತೆ ಚೀಲ ಎತ್ತಿಕೊಂಡರು. "ಅಲ್ಲಿ ನೀನು ಹಾಡು. ನಾನು ಪಕ್ಕದಲ್ಲೇ ಕೂತಿರ್ತೀನಿ, ಜೋರಾಗಿ ಹಾಡು."