ಮಾವನ ಮೂಲೆಮಟ್ಟ

ಗೇಟು ಮೇಲ್ಗಡೆ ಕಂಬಕ್ಕೆ ತಾಗಿ ನಿಂತಿತು. ಕೆಳಗಡೆ ಎರಡು ಬೆರಳು ತೂರುವಷ್ಟು ಸಂದಿ ಉಳಿಯಿತು. ಮನೆಯ ಯಜಮಾನ ಬಗ್ಗಿ ಆ ಸಂದಿಯೊಳಗೆ ಬೆರಳಿಟ್ಟು ಒಮ್ಮೆ ತಲೆಯೆತ್ತಿ ನೋಡಿದ, ಅಷ್ಟೆ. ಬೈದಿದ್ದರೆ ಗೇಟು ಮಾಡಿದ ವೆಲ್ಡಿಂಗ್ ಮೇಸ್ತ್ರಿಯೂ ತಿರುಗಿ ಬೈದು ಹಗುರಾಗುತ್ತಿದ್ದ. ಈಗ ಮೇಸ್ತ್ರಿ ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ಸಂದಿ ಇದ್ದ ಹಾಗೇ ಇತ್ತು.

ಬೇರೆ ಯಾರಿಗೆ ಹೀಗಾಗಿದ್ದರೂ ಜನ ಮರೆಯುತ್ತಿದ್ದರು. ಇವನಿಗೆ ತೊಂಬತ್ತು ಡಿಗ್ರಿ ಎಂದೇ ಅಡ್ಡಹೆಸರು. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಕ್ಯಾಲೆಂಡರನ್ನು ನೇರ ಮಾಡುವವನು. ತನ್ನನ್ನೂ ಮಟ್ಟ ಇಟ್ಟು ನೋಡಿಯೇ ಒಪ್ಪಿದ್ದು ಎಂದು ಹೆಂಡತಿ ನೆಂಟರೆದುರು ನಗಾಡುತ್ತಿದ್ದಳು. ಮೂಲೆ ಸರಿಯಿದೆಯೇ ಎಂದು ನೋಡುವ ಆ ಉಕ್ಕಿನ ಮೂಲೆಮಟ್ಟ ಅವಳ ಅಪ್ಪನದು. ಕೆಲಸ ಕಲಿಸಿ, ಮಗಳನ್ನು ಕೊಟ್ಟು, ಕೊನೆಗೆ ಅದನ್ನೂ ಅಳಿಯನ ಕೈಗಿಟ್ಟು ಹೋಗಿದ್ದ. ಬೇರೆಯವರು ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಮಾವನ ಮಟ್ಟ ಇಟ್ಟ ಮೇಲೆ ಟೇಪು ಯಾಕೆ ಎನ್ನುವುದು ಇವನ ಜಂಬ.

ಗೇಟಿಗಿಂತ ಮೊದಲು ಒಂದು ಕಿಟಕಿಯೂ ಹೀಗೇ ಕೂರದೆ ವಾಪಸು ಬಂದಿತ್ತು. ಆಗ ಭಾವಮೈದುನನ ಮಾತಿಗೆ ಕನ್ನಡಕ ಬದಲಾಯಿಸಿದ್ದ. ಇನ್ನು ದೂರಲು ಕನ್ನಡಕವೂ ಉಳಿದಿರಲಿಲ್ಲ. ಗ್ರೈಂಡರು, ಕ್ಲ್ಯಾಂಪುಗಳು, ವೆಲ್ಡಿಂಗ್ ಮುಖವಾಡ ಎಲ್ಲವನ್ನೂ ಭಾವಮೈದುನನಿಗೆ ಒಪ್ಪಿಸಿ, ಮೂಲೆಮಟ್ಟವನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಅಡುಗೆಮನೆಯ ಮೊಳೆಗೆ ತೂಗುಹಾಕಿದ.

"ಇದು ಸರಿಯಾಗೇ ಇದೆ ಕಣೆ. ನಾನೇ ಸೊಟ್ಟ ಆದೆ" ಎಂದ.

ಅವಳು ಒಲೆಯ ಕಡೆ ತಿರುಗಿಕೊಂಡಳು. ಕಿಟಕಿ ಮಾಡುವ ಮೊದಲೊಮ್ಮೆ, ವರ್ಕ್‌ಶಾಪಿನಲ್ಲಿ ಕಬ್ಬಿಣದ ಪುಡಿ ಗುಡಿಸುವಾಗ ಅವಳ ಮೊಣಕೈ ತಾಗಿ ಆ ಮಟ್ಟ ಬೆಂಚಿನಿಂದ ಸಿಮೆಂಟು ನೆಲಕ್ಕೆ ಬಿದ್ದಿತ್ತು, ತುದಿ ಮುಂದಾಗಿ. ಎತ್ತಿ ಒರೆಸಿ ನೋಡಿದಳು, ಬಿರುಕಿಲ್ಲ, ಗೀರೂ ಇಲ್ಲ. ಬೈಸಿಕೊಳ್ಳುವುದು ಯಾಕೆಂದು ಇದ್ದಲ್ಲೇ ಇಟ್ಟಳು. ಬಿದ್ದ ಮಟ್ಟವನ್ನು ನಂಬಬಾರದು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗಿದ್ದು ಕಿಟಕಿ ವಾಪಸು ಬಂದ ದಿನ. ಅಂದೇ ಬಾಯಿ ಬಿಡಬಹುದಿತ್ತು. ಆದರೆ ವೆಲ್ಡಿಂಗ್ ಹೊಗೆ ಕುಡಿದು ಕುಡಿದು ಅವನ ಎದೆ ಕಮ್ಮಾರನ ಹಳೆಯ ತಿದಿಯಂತಾಗಿತ್ತು, ರಾತ್ರಿಯಿಡೀ ಕೆಮ್ಮು. ಕೆಲಸ ಬಿಡಿ ಎಂದು ಅವಳು ಎಷ್ಟೋ ವರ್ಷ ಗೋಗರೆದಿದ್ದಳು, ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ತಾನಾಗಿಯೇ ಬಿಡುತ್ತಿದ್ದಾನೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ಸುಮ್ಮನಾದಳು.

ಕೆಮ್ಮು ಇಳಿಯಿತು. ಅವಳಿಗೆ ನಿದ್ದೆಯೂ ಬಂತು. ಅವನು ಮಾತ್ರ ದಿನದಿನಕ್ಕೆ ಯಾರೋ ಆಗತೊಡಗಿದ. ತರಕಾರಿ ತೂಗಿಸಿಕೊಳ್ಳುವಾಗ ತಕ್ಕಡಿಯ ಮುಳ್ಳು ನೀನೇ ನೋಡು ಎನ್ನುತ್ತಿದ್ದ. ರಸ್ತೆ ದಾಟುವಾಗ ಅವಳ ತೋಳು ಹಿಡಿಯುತ್ತಿದ್ದ. ಕಣ್ಣು ಕಾಣುವ ಗಂಡಸು ಹಾಗೆ ಹಿಡಿದಾಗ ಅವಳು ರಸ್ತೆ ದಾಟಿದ ಮೇಲೂ ತೋಳು ಬಿಡಿಸಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಬೇಕೆಂದೇ ಗೋಡೆಯ ಕನ್ನಡಿಯನ್ನು ವಾರೆಯಾಗಿ ತೂಗುಹಾಕಿದಳು. ಅವನು ತಲೆ ಬಾಚಲು ಬಂದ. ಕೈ ತಾನಾಗಿ ಕನ್ನಡಿಯ ಅಂಚಿನವರೆಗೆ ಹೋಯಿತು, ಅಲ್ಲೇ ನಿಂತಿತು, ಕೆಳಗಿಳಿಯಿತು. ಸರಿಯಾಗೇ ಇರಬೇಕು ಎಂದು ಗೊಣಗಿ, ತಲೆಯನ್ನೇ ಓರೆ ಮಾಡಿ ಬಾಚಿಕೊಂಡ.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಮೊಳೆಯಿಂದ ಮಟ್ಟ ಬಿಚ್ಚಿ ತಂದು ನೆಲದ ಕಲ್ಲಿನ ಅಂಚಿಗೆ ಒತ್ತಿ ಹಿಡಿದಳು. ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಅಪ್ಪ ಮಾಡುತ್ತಿದ್ದ ಹಾಗೆ ಮಟ್ಟವನ್ನು ಮಗುಚಿ, ಅದೇ ಜಾಗದಿಂದ ಇನ್ನೊಂದು ಗೆರೆ ಎಳೆದಳು. ಮಟ್ಟ ಸರಿಯಿದ್ದರೆ ಒಂದರ ಮೇಲೊಂದು ಕೂರಬೇಕಾದ ಗೆರೆಗಳು ಮೇಲೆ ಹೋಗುತ್ತಾ ದೂರವಾದವು. ಅವನು ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದ.

"ನನ್ನ ಕೈ ತಾಗಿ ಬಿದ್ದಿತ್ತು" ಎಂದಳು.

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವು ಮನೇಲಿ ಇರ್ತೀರಲ್ಲ ಅಂತ. ಇನ್ನೊಂದಷ್ಟು ದಿನ ಬದುಕಿರ್ತೀರಲ್ಲ ಅಂತ."

ಅವನು ಎದ್ದು ಹೋಗಿ ಒಂದೇ ಬೆರಳಿನಿಂದ ಕನ್ನಡಿಯನ್ನು ನೇರ ಮಾಡಿದ. ಮಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಅವಳು ಡಬ್ಬಿ ತುಂಬಿಕೊಂಡು ವರ್ಕ್‌ಶಾಪಿಗೆ ನಡೆದಳು. ಬೆಂಚಿನ ಮೇಲೆ ಮಟ್ಟವಿತ್ತು. ಅದರ ಮೂಲೆಯಲ್ಲಿ ಪಂಚಿನ ಮೊನೆಯಿಟ್ಟು ಸುತ್ತಿಗೆಯಿಂದ ಹೊಡೆದು ತಿದ್ದಿದ ಹೊಸ ಗುರುತುಗಳು. ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದ ಜೋಡಿ ಗೆರೆಗಳು ಸಾಲಾಗಿ ಇದ್ದವು, ಕೊನೆಯಲ್ಲಿ ಮಾತ್ರ ಎರಡೂ ಒಂದಾಗಿ ಒಂಟಿ ಗೆರೆ. ತಮ್ಮ ಅವಳನ್ನು ನೋಡಿ, ಭಾವ ಬೆಳಗಿನಿಂದ ಯಾರ ಜೊತೆಗೂ ಮಾತಾಡಿಲ್ಲ ಅಕ್ಕ ಎಂದು ಪಿಸುಗುಟ್ಟಿ ಹೊರಗೆ ಹೋದ.

ಮೂಲೆಯಲ್ಲಿ, ವಾಪಸು ಬಂದಿದ್ದ ಆ ಗೇಟಿನ ಮುಂದೆ ಕೂತಿದ್ದವನು ತಲೆಯೆತ್ತಿದ. ಅವಳನ್ನು ಕಂಡ. ಕಂಡು, ಮುಖವಾಡ ಇಳಿಸಿಕೊಂಡ.

ಕಿಡಿ ಹಾರತೊಡಗಿತು. ಬರಿಗಣ್ಣಲ್ಲಿ ನೋಡಬಾರದ ಬೆಳಕು. ಅವಳು ಡಬ್ಬಿ ಹಿಡಿದೇ ಗೋಡೆಯ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಮುಖವಾಡದೊಳಗಿಂದ ಕೆಮ್ಮು ಶುರುವಾಯಿತು. ಗೋಡೆಯ ಮೇಲೆ ಅವಳ ನೆರಳು ಮೂಡುತ್ತಿತ್ತು, ಅಳಿಯುತ್ತಿತ್ತು, ಮತ್ತೆ ಮೂಡುತ್ತಿತ್ತು.