ಕೈಯೋ ತಲೆಯೋ

ಬೂದುಬಣ್ಣದ ಆ ಕೋಟಿನಲ್ಲಿ ತೂತು ಎಲ್ಲಿದೆ ಎಂದು ಅವಳು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದಳು. ಸಿಗರೇಟಿನ ಕಿಡಿ ಬಿದ್ದು ಸುಟ್ಟಿದೆ, ಬಲತೋಳು, ಮೊಣಕೈ ಹತ್ತಿರ ಎಂದು ಗಿರಾಕಿ ಹೇಳಿದ್ದು ನೆನಪಿತ್ತು. ತೋಳನ್ನು ಒಳಮಗ್ಗುಲು ಮಾಡಿ ನೋಡಿದಳು, ಬೆರಳಿನಿಂದ ಸವರಿ ನೋಡಿದಳು. ಕೊನೆಗೆ ಇಸ್ತ್ರಿಯವನನ್ನು ಕರೆದು, "ಯಾರದ್ದೋ ಕೋಟು ತಂದುಕೊಟ್ಟಿದ್ದೀಯ ನೋಡು. ಇದರಲ್ಲಿ ತೂತೇ ಇಲ್ಲ" ಎಂದಳು.

ಇಸ್ತ್ರಿಯವನು ಹಬೆಯ ಮರೆಯಿಂದ ಮುಖ ಹೊರಗೆ ಹಾಕಿದ. "ಏನಕ್ಕ, ತಮಾಷೆನಾ? ನಿನ್ನೆ ಇಡೀ ದಿನ ಅದನ್ನೇ ಹಿಡ್ಕೊಂಡು ಕೂತಿದ್ರಲ್ಲ! ಸಂಜೆ ನೀವೇ ಮಡಚಿ ನನ್ನ ಕೈಗೆ ಕೊಟ್ರಿ."

ಅವನು ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯಲ್ಲ. ಕೌಂಟರಿನಲ್ಲಿದ್ದ ಮಾಲೀಕನಿಗೂ ಕೂಗಿ ಹೇಳಿದ: "ಕೇಳಿದ್ರಾ? ರಫೂ ಅಕ್ಕನ ಹೊಲಿಗೆ ರಫೂ ಅಕ್ಕನಿಗೇ ಕಾಣಲ್ವಂತೆ!" ಮಾಲೀಕ ಗಿರಾಕಿಗಳ ಮುಂದೆ ಎದೆಯುಬ್ಬಿಸಿಕೊಂಡು, "ಮತ್ತೇನು ಅಂದ್ಕೊಂಡ್ರಿ, ನಮ್ಮಲ್ಲಿ ಕೆಲಸ ಅಂದ್ರೆ ಹಾಗೆ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ ಎಂದು. ಹೊಲಿಗೆ ಕಾಣದಿದ್ದರೆ ಚಿಂತೆಯಿಲ್ಲ. ಹರಿದ ಬಟ್ಟೆಗೆ ಕಾಣದಂತೆ ರಫೂ ಹಾಕುವುದಕ್ಕೇ ಅವಳಿಗೆ ಸಂಬಳ. ಆದರೆ ಹೊಲಿದ ಇಡೀ ದಿನವೇ ಅವಳ ತಲೆಯಿಂದ ಕಾಣೆಯಾಗಿತ್ತಲ್ಲ, ಅದಕ್ಕೇನು ಮಾಡುವುದು?

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅವಳು ಕೂರಲು ಶುರುಮಾಡಿ ಕಾಲ ಬಹಳವಾಗಿತ್ತು. ಅದಕ್ಕೂ ಮುಂಚಿನಿಂದ ಅವಳು ಮಾತ್ರೆ ನುಂಗುತ್ತಿದ್ದಳು. ಮಗಳು ಹುಟ್ಟಿದ ವರ್ಷ ತಲೆ ಕೆಟ್ಟಿತ್ತು. ಹಾಗೆಂದು ಅವಳೇ ಹೇಳುತ್ತಿದ್ದಳು, ಬೇರೆಯವರು ಹೇಳುವ ಮುಂಚೆ ತಾನೇ ಹೇಳಿಬಿಟ್ಟರೆ ಕಡಿಮೆ ನೋಯುತ್ತದೆ ಎಂದು. ಗೋಡೆಯೊಳಗಿನ ನೀರಿನ ಕೊಳವೆಗಳು ತನ್ನ ಹೆಸರು ಹಿಡಿದು ಮಾತಾಡಿಕೊಳ್ಳುತ್ತಿವೆ ಎನಿಸಿತ್ತು. ಯಾರೋ ಕೂಸನ್ನು ಕದಿಯಲು ಬರುತ್ತಾರೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗಿಟ್ಟು ಬೀಗ ಹಾಕಿದ್ದಳು. ಕೆಲಸ ಮುಗಿಸಿ ಬಂದ ಗಂಡ ಅಳು ಕೇಳಿ ಕಪಾಟಿನ ಬಾಗಿಲು ಒಡೆದಿದ್ದ. ಇನ್ನು ಸ್ವಲ್ಪ ತಡವಾಗಿದ್ದರೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಪೂರ್ತಿ ಮಾಡಿರಲಿಲ್ಲ.

ಮಾತ್ರೆಗಳು ಅವಳನ್ನು ಎಳೆದು ದಡಕ್ಕೆ ಹಾಕಿದ್ದವು. ದೊಡ್ಡದೊಂದು, ಚಿಕ್ಕದೊಂದು. ದೊಡ್ಡದು ತಲೆಯನ್ನು ಹಿಡಿದಿಡುತ್ತಿತ್ತು, ಆದರೆ ಕೈ ನಡುಗಿಸುತ್ತಿತ್ತು. ಆ ನಡುಕಕ್ಕೆ ಚಿಕ್ಕದು. ದೊಡ್ಡದಕ್ಕೆ 'ದೊರೆ', ಚಿಕ್ಕದಕ್ಕೆ 'ಚೇಲ' ಎಂದು ಅವಳೇ ಹೆಸರಿಟ್ಟಿದ್ದಳು. "ದೊರೆ ಹರ್ಕೊಂಡು ಹೋಗ್ತಾನೆ, ಚೇಲ ಹಿಂದಿಂದ ತೇಪೆ ಹಾಕ್ಕೊಂಡು ಬರ್ತಾನೆ" ಎನ್ನುತ್ತಿದ್ದಳು. ಬಾಯಿ ಸದಾ ಒಣಗುತ್ತಿತ್ತು, ಮೈ ಊದಿತ್ತು, ಬೆಳಿಗ್ಗೆ ಏಳುವುದೆಂದರೆ ಒದ್ದೆ ಕಂಬಳಿಯಡಿಯಿಂದ ಏಳುವಷ್ಟು ಕಷ್ಟ. ಇದೆಲ್ಲ ಬಾಡಿಗೆ ಇದ್ದಂತೆ, ಬದುಕಬೇಕಾದರೆ ತೆರಬೇಕು ಎಂದು ಅವಳು ಒಪ್ಪಿಕೊಂಡು ಎಷ್ಟೋ ವರ್ಷವಾಗಿತ್ತು.

ಆ ಒಪ್ಪಂದ ಕೆಡಿಸಿದವಳು ನಾದಿನಿ. ಕೆಟ್ಟ ಹೆಂಗಸಲ್ಲ; ಫೋನಿಗೆ ಬಂದದ್ದನ್ನೆಲ್ಲ ಬಂಧುಬಳಗಕ್ಕೆ ಹಂಚದಿದ್ದರೆ ಉಂಡದ್ದು ಅರಗದು, ಅಷ್ಟೆ. ಮೊಣಕಾಲು ನೋವಿಗೆ ಮದ್ದು, ಕಳ್ಳರ ಹೊಸ ಉಪಾಯ, ಇವುಗಳ ನಡುವೆ ಒಂದು ದಿನ ಒಂದು ಸುದ್ದಿ ಬಂತು. ಮನಸ್ಸಿನ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ತಿನ್ನುವವರಲ್ಲಿ ವಯಸ್ಸಾದ ಮೇಲೆ ಮರೆವಿನ ರೋಗ ಹೆಚ್ಚು ಕಾಣುತ್ತಿದೆಯಂತೆ. ಕೆಳಗೆ ನಾದಿನಿಯ ಒಂದು ಸಾಲು: "ಅತ್ತಿಗೆ, ನೀವು ಭಯ ಪಡಬೇಡಿ, ಸುಮ್ಮನೆ ಕಳಿಸಿದೆ."

ಕೋಟಿನ ಪ್ರಸಂಗ ನಡೆದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ.

ಅಲ್ಲಿಂದ ಅವಳಿಗೆ ತನ್ನ ತಲೆಯೇ ಪರೀಕ್ಷೆ ಬರೆಯುವ ಹುಡುಗಿಯಾಯಿತು, ತಾನೇ ಬೆತ್ತ ಹಿಡಿದ ಮೇಷ್ಟ್ರು. ಬಸ್ಸಿನಲ್ಲಿ ಕೂತು ನಿಲ್ದಾಣಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಕೊಂಡಳು. ಮಗಳ ಶಾಲೆಯ ಟೀಚರುಗಳನ್ನೆಲ್ಲ ನೆನಪಿಸಿಕೊಂಡಳು. ಒಂದು ಸಂಜೆ ಅಡಿಗೆಮನೆಯಲ್ಲಿ ನಿಂತು ಗಂಡನಿಗೆ, "ಅದನ್ನ ಕೊಡು, ಅದೇ... ತೂತು ತೂತು ಇರುತ್ತಲ್ಲ, ಹಿಟ್ಟು ಹಾಕಿ ಅಲ್ಲಾಡಿಸೋದು" ಎಂದಳು.

"ಜರಡಿ" ಎಂದ ಗಂಡ.

ಅವಳು ಹಿಟ್ಟಿನ ಡಬ್ಬಿ ಕೆಳಗಿಟ್ಟಳು. "ನೋಡು, ಜರಡಿ ಅನ್ನೋ ಮಾತೂ ಜರಡೀಲಿ ಸೋರಿ ಹೋಯ್ತು."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಂತ್ರ ಸದ್ದು ಮಾಡಿದರೆ ಗಾಬರಿಯಾಗಬಾರದು, ಸದ್ದು ನಿಂತರೆ ಗಾಬರಿಯಾಗಬೇಕು ಎಂಬುದು ಅವನ ಸಿದ್ಧಾಂತ. "ನಾನು ಬೆಳಿಗ್ಗೆ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕಿದೆ. ನಾನೇನು ಸತ್ತೋದ್ನಾ?"

"ನೀನು ಮರೆತರೆ ವಯಸ್ಸು. ನಾನು ಮರೆತರೆ ಕಾಯಿಲೆ" ಎಂದಳು ಅವಳು. ಅವನು ಜರಡಿ ಒರೆಸಿಕೊಟ್ಟ.

ಆಸ್ಪತ್ರೆಯಲ್ಲಿ ಕೇಳಬಹುದಿತ್ತು. ಆದರೆ ಅಲ್ಲಿ ಬೆಂಚಿನ ಮೇಲೆ ಅರ್ಧ ದಿನ ಕೂರಬೇಕು, ಒಳಗೆ ಹೋದರೆ "ನಿದ್ದೆ ಬರುತ್ತಾ? ಊಟ ಸೇರುತ್ತಾ?" ಎಂದು ಕೇಳಿ ಹಳೆಯದನ್ನೇ ಬರೆದುಕೊಡುತ್ತಾರೆ. ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಯಾರಿಗೂ ಹೇಳದೆ ದೊರೆ, ಚೇಲ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿಬಿಟ್ಟಳು. ಉಳಿದ ತಲೆಯನ್ನಾದರೂ ಉಳಿಸಿಕೊಳ್ಳೋಣ ಎಂಬ ಲೆಕ್ಕಾಚಾರ.

ಮೊದಲ ಕೆಲವು ದಿನ ಬರೀ ಬೇಗುದಿ. ಆಮೇಲೆ, ಆಶ್ಚರ್ಯ, ಮೈ ಹಗುರಾಯಿತು. ಬಾಯಲ್ಲಿ ನೀರೂರಿತು. ಬೆಳಕಿಗೆ ಮುಂಚೆ ಎಚ್ಚರವಾಗತೊಡಗಿತು. ಮಾತುಗಳು ತಾವಾಗಿಯೇ ನಾಲಿಗೆಗೆ ಬಂದು ಕೂತವು, ಜರಡಿಯೇನು, ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ನಾಯಿಯ ಹೆಸರೂ ಬಂತು. ಪಾತ್ರೆ ತೊಳೆಯುವಾಗ ಹಾಡಿದಳು. ಇಷ್ಟು ವರ್ಷ ನನ್ನನ್ನು ಮೂಟೆ ಕಟ್ಟಿ ಮೂಲೆಗಿಟ್ಟಿದ್ದರಲ್ಲ ಎಂದು ಸಿಟ್ಟು ಬಂತು, ಆ ಸಿಟ್ಟೂ ಚೆನ್ನಾಗಿಯೇ ಅನಿಸಿತು.

ನಿದ್ದೆ ಕಡಿಮೆಯಾಗುತ್ತಿದ್ದುದನ್ನು ಅವಳು ಗಮನಿಸಲಿಲ್ಲ. ಬೇರೆ ಊರಿನಲ್ಲಿದ್ದ ಮಗಳು ಫೋನಿನಲ್ಲಿ, "ಅಮ್ಮಾ, ಸ್ವಲ್ಪ ಉಸಿರು ತಗೊಂಡು ಮಾತಾಡು" ಎಂದಾಗ, ಇವಳಿಗೇನು ಗೊತ್ತು ಎಂದುಕೊಂಡಳು.

ಆ ವಾರ ಅಂಗಡಿಗೆ ಬಂದ ಹರಿದ ಬಟ್ಟೆಗಳಲ್ಲಿ ಹೆಚ್ಚಿನವು ಎಡಗಡೆ ಹರಿದಿದ್ದವು. ಮೊದಲು ಅದು ಬರಿಯ ಸೋಜಿಗವಾಗಿತ್ತು. ಆಮೇಲೆ ಅದಕ್ಕೊಂದು ಅರ್ಥ ಬಂತು. ಒಂದು ಮಧ್ಯಾಹ್ನ ಇಸ್ತ್ರಿಯವನು ಒಳಗೆ ಬಂದು ನೋಡಿದರೆ ಗಿರಾಕಿಗಳ ಪ್ಯಾಂಟು, ಶಾಲು, ಕೋಟುಗಳೆಲ್ಲ ನೆಲದ ಮೇಲೆ ಹಾಸಿದ್ದವು. ತೂತಿನಿಂದ ತೂತಿಗೆ ಅವಳು ಕೆಂಪು ದಾರ ಎಳೆದಿದ್ದಳು.

"ಬಾಗಿಲು ಹಾಕು" ಎಂದು ಪಿಸುಗುಟ್ಟಿದಳು. "ಇದು ದಾರಿ ಕಣೋ. ಯಾರೋ ಬೇಕಂತಲೇ ಹರಿದು ಹರಿದು ನನಗೆ ಕಳಿಸ್ತಿದ್ದಾರೆ. ಮಾಲೀಕನಿಗೆ ಹೇಳಬೇಡ, ಅವನೂ ಸೇರ್ಕೊಂಡಿರಬಹುದು."

ಇಸ್ತ್ರಿಯವನು ಬಾಯಿಬಡುಕನಾದರೂ ಆ ಹೊತ್ತಿಗೆ ಜಾಣನಾದ. "ಆಯ್ತಕ್ಕ, ಹೇಳಲ್ಲ" ಎಂದು ಹೊರಗೆ ಹೋಗಿ, ಇಸ್ತ್ರಿ ಆರಿಸಿ, ಅವಳ ಗಂಡನಿಗೆ ಫೋನ್ ಮಾಡಿದ.

ಗಂಡ ಮೈಕೈಯೆಲ್ಲ ಗ್ರೀಸ್ ಹಚ್ಚಿಕೊಂಡೇ ಓಡಿಬಂದ. ಹೊಸ್ತಿಲಲ್ಲಿ ನಿಂತು ನೋಡಿದ. ಬಟ್ಟೆಗಳನ್ನು ತುಳಿಯದ ಹಾಗೆ ಗೋಡೆಗೆ ಒತ್ತಿಕೊಂಡು ಬಂದು ಅವಳ ಪಕ್ಕ ನೆಲದ ಮೇಲೆ ಕೂತ.

"ಯಾವಾಗಿಂದ ಬಿಟ್ಟೆ?"

"ಯಾರು ಹೇಳಿದ್ದು ನಿನಗೆ?"

"ಯಾರು ಹೇಳಬೇಕು? ಸ್ವಲ್ಪ ದಿನದಿಂದ ಹಾಡ್ತಾ ಇದ್ದೆ ನೀನು." ಅವನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. "ನನಗೆ ಅನುಮಾನ ಬಂತು. ಆದರೆ ಖುಷಿಯಾಗಿದ್ದೀಯಲ್ಲ ಅಂತ ಸುಮ್ಮನಿದ್ದೆ. ಹಾಡಿ ಎಷ್ಟು ಕಾಲ ಆಗಿತ್ತು."

ಅವಳು ದಾರದ ತುದಿಯನ್ನು ಬೆರಳಿಗೆ ಸುತ್ತುತ್ತ ಸುತ್ತುತ್ತ ನಿಲ್ಲಿಸಿದಳು. ದಾರಿ ಇನ್ನೂ ಕಾಣುತ್ತಿತ್ತು, ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಗಂಡನ ಮುಖವೂ ಕಾಣುತ್ತಿತ್ತು. ಕಪಾಟಿನ ದಿನ ಆ ಮುಖವನ್ನು ಅವಳು ನೋಡಿದ್ದಳು. ಎರಡರಲ್ಲಿ ಒಂದನ್ನು ನಂಬಬೇಕಿತ್ತು. "ಎಬ್ಬಿಸು ನನ್ನ" ಎಂದು ಕೈ ಚಾಚಿದಳು.

ಆಸ್ಪತ್ರೆಯಲ್ಲಿ ಈ ಸಲ ಹೊಸ ಡಾಕ್ಟರು, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮೊದಲು ದೊರೆಯನ್ನೂ ಚೇಲನನ್ನೂ ಮತ್ತೆ ಶುರುಮಾಡಿಸಿದಳು. ದಾರಿಗಳು, ಅರ್ಥಗಳು ಒಂದೊಂದಾಗಿ ಮಾಸಿ, ತೂತುಗಳು ಬರೀ ತೂತುಗಳಾಗಿ, ಒದ್ದೆ ಕಂಬಳಿ ಮೈಮೇಲೆ ವಾಪಸು ಬಂದ ಮೇಲೆ ಇನ್ನೊಮ್ಮೆ ಕರೆದಳು. ಗಡಿಯಾರದ ಚಿತ್ರ ಬರೆಸಿದಳು, ಪದಗಳನ್ನು ಹೇಳಿ ನೆನಪಿಡಲು ಹೇಳಿದಳು, ಅಂಕಿಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಿಸಿದಳು. ಇವಳು ಎಲ್ಲ ಮಾಡಿದಳು.

"ಸದ್ಯಕ್ಕೆ ಮರೆವಿನ ಕಾಯಿಲೆ ಅನ್ನೋ ಹಾಗೆ ಏನೂ ಕಾಣ್ತಿಲ್ಲ" ಎಂದಳು ಡಾಕ್ಟರು. "ಗಮನ ಸ್ವಲ್ಪ ಮಂಕಾಗಿದೆ."

"ಮುಂದೆ ಬರಲ್ಲ ಅಂತ ಹೇಳ್ತೀರಾ?"

"ಹೇಳಲ್ಲ. ಹೇಳಿದ್ರೆ ಸುಳ್ಳಾಗುತ್ತೆ. ನೀವು ಓದಿದೆ ಅಂತ ಹೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ. ಆದ್ರೆ ಮಾತ್ರೆಯಿಂದ ಆಗುತ್ತೋ, ಮಾತ್ರೆ ಬೇಕಾಗೋ ಕಾಯಿಲೆಯಿಂದಲೇ ಆಗುತ್ತೋ, ಬಿಡಿಸಿ ಹೇಳೋದು ನಮಗೂ ಕಷ್ಟ. ದೊಡ್ಡ ಮಾತ್ರೆ ಬಿಟ್ಟರೆ ಏನಾಗುತ್ತೆ ಅಂತ ನೀವೇ ನೋಡಿದ್ರಿ." ಡಾಕ್ಟರು ಚಿಕ್ಕ ಮಾತ್ರೆಯ ಸ್ಟ್ರಿಪ್ಪನ್ನು ಬೆರಳಿನಿಂದ ಮುಂದೆ ತಳ್ಳಿದಳು. "ನನಗೆ ಅನುಮಾನ ಇದರ ಮೇಲೆ. ಬಾಯಿ ಒಣಗಿಸೋದು, ತಲೆ ಮಂಕು ಮಾಡೋದು ಈ ಜಾತಿಯ ಮಾತ್ರೆಗಳ ಸ್ವಭಾವ. ವಯಸ್ಸಾಗ್ತಾ ಇದನ್ನ ಬಿಡಿಸೋದು ಒಳ್ಳೇದು. ಇಷ್ಟು ವರ್ಷ ಯಾರೂ ಇದರ ಬಗ್ಗೆ ಕೇಳಲಿಲ್ವಾ?"

"ನಿದ್ದೆ ಬರುತ್ತಾ ಅಂತ ಕೇಳ್ತಿದ್ರು."

ಡಾಕ್ಟರು ತಲೆ ತಗ್ಗಿಸಿದಳು. "ನಿಧಾನವಾಗಿ ಕಡಿಮೆ ಮಾಡೋಣ. ದೊಡ್ಡದನ್ನೂ ಎಷ್ಟಕ್ಕೆ ಇಳಿಸಬಹುದು ಅಂತ ನೋಡೋಣ, ತುಂಬಾ ಇಳಿಸೋಕೆ ಆಗಲ್ಲ. ಆದ್ರೆ ಕೈ ನಡುಗುತ್ತೆ. ಎಷ್ಟು ಅಂತ ಈಗಲೇ ಹೇಳೋಕಾಗಲ್ಲ."

ಪಕ್ಕದಲ್ಲಿ ಕೂತಿದ್ದ ಗಂಡ ತಟ್ಟನೆ ಹೇಳಿದ: "ಅವಳ ಕೆಲಸ ರಫೂ ಡಾಕ್ಟ್ರೇ. ಅವಳ ಹೊಟ್ಟೆಪಾಡೆಲ್ಲ ಕೈಯಲ್ಲಿದೆ."

ಡಾಕ್ಟರು ಅವಳ ಕಡೆ ನೋಡಿದಳು. ಕೋಣೆಯ ಹೊರಗೆ ಯಾರದೋ ಸರದಿ ಕೂಗಿದರು. ಅವಳು ತನ್ನ ಕೈಗಳನ್ನು ಮೇಜಿನ ಮೇಲೆ ಬೋರಲಾಗಿಟ್ಟುಕೊಂಡು ನೋಡಿದಳು. ಆ ಕೈ ಹಿಡಿದ ಸೂಜಿಗೆ ಊರಿನ ದರ್ಜಿಗಳೆಲ್ಲ ತಲೆಬಾಗುತ್ತಿದ್ದರು. ಬೇರೆ ಯಾವುದಕ್ಕೂ ಯಾರೂ ಅವಳನ್ನು ಹೊಗಳಿದ್ದಿಲ್ಲ.

"ಕೈ ನಡುಗಿದ್ರೆ ನಾಲ್ಕು ಜನಕ್ಕೆ ಕಾಣುತ್ತೆ, ಅಷ್ಟೇ ತಾನೆ?" ಎಂದಳು. "ತಲೆ ಹೋದ್ರೆ ನನಗೇ ಕಾಣಲ್ಲ. ಇಳಿಸಿ."

ಇಳಿಸಲು ತಿಂಗಳುಗಳೇ ಹಿಡಿದವು. ಬಾಯಿಯ ಪಸೆ ಸ್ವಲ್ಪ ವಾಪಸು ಬಂತು. ತಲೆಯ ಮಂಜು ಸ್ವಲ್ಪ ತೆಳುವಾಯಿತು, ಅಥವಾ ತೆಳುವಾಗಿದೆ ಎಂದು ಅವಳು ಅಂದುಕೊಂಡಳು. ಕೈ ಮಾತ್ರ ಡಾಕ್ಟರ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿತು. ಸೂಜಿಯ ಕಣ್ಣು ದಾರಕ್ಕೆ ಸಿಗದೆ ಆಟವಾಡಿಸಿತು. ಒಂದು ಉಣ್ಣೆಯ ಶಾಲನ್ನು ಹಿಡಿದು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಅದನ್ನು ತೆಗೆದುಕೊಂಡ ಗಿರಾಕಿ ಹೆಂಗಸು ಕೌಂಟರಿನಲ್ಲಿ, "ಇದೇನ್ರೀ, ಗಾಯಕ್ಕೆ ಹೊಲಿಗೆ ಹಾಕಿದ ಹಾಗಿದೆ!" ಎಂದದ್ದು ಒಳಗೆ ಕೇಳಿಸಿತು.

ಅವಳು ಎದ್ದು ಹೊರಗೆ ಹೋದಳು. "ಹೌದಮ್ಮ, ಚೆನ್ನಾಗಿ ಬಂದಿಲ್ಲ. ಇನ್ನು ಮುಂದೆ ನನ್ನ ಕೈಲಿ ಆಗಲ್ಲ" ಎಂದಳು. ಮಾಲೀಕ ಮುಖ ಕೆಳಗೆ ಹಾಕಿಕೊಂಡ. ಸಂಜೆ ಅಂಗಡಿ ಮುಚ್ಚುವಾಗ ಅವನೇ ಕೇಳಿದ, "ಮೆಷಿನ್ ಮೇಲೆ ಆಗುತ್ತಾ? ಜಿಪ್ಪು, ಅಂಚು, ಲೈನಿಂಗು. ರಫೂ ಮಾಡ್ತೀವಿ ಅನ್ನೋ ಬೋರ್ಡು ತೆಗೆದುಬಿಡ್ತೀನಿ." ಮೆಷಿನ್ನಿಗೆ ಬಟ್ಟೆಯನ್ನು ಒತ್ತಿ ಹಿಡಿದರೆ ಸಾಕು, ನಡುಕ ಅಷ್ಟಾಗಿ ತಿಳಿಯುವುದಿಲ್ಲ. ಅವಳು ಆಗುತ್ತದೆ ಎಂದಳು. ಬೋರ್ಡು ಇಳಿಸುವಾಗ ಇಸ್ತ್ರಿಯವನು ಒಂದೂ ತಮಾಷೆ ಮಾಡಲಿಲ್ಲ.

ಮರೆವು ಪೂರ್ತಿ ಹೋಗಲಿಲ್ಲ. ಈಗಲೂ ಒಮ್ಮೊಮ್ಮೆ ಒಲೆಯ ಮೇಲಿಟ್ಟದ್ದು ಸೀಯುತ್ತಿತ್ತು, ಹೇಳಬೇಕೆಂದ ಮಾತು ಬಾಗಿಲವರೆಗೆ ಬಂದು ಹಿಂದಿರುಗುತ್ತಿತ್ತು. ಅದು ದೊರೆಯ ಕೆಲಸವೋ, ವಯಸ್ಸಿನದ್ದೋ, ಹಳೆಯ ಕಾಯಿಲೆಯದ್ದೋ ಎಂದು ಬೇರ್ಪಡಿಸುವ ಪ್ರಯತ್ನವನ್ನು ಅವಳು ಕೈಬಿಟ್ಟಿದ್ದಳು. ಧೈರ್ಯ ಬಂದು ಬಿಟ್ಟದ್ದಲ್ಲ, ಸುಸ್ತಾಗಿ ಬಿಟ್ಟದ್ದು.

ಒಂದು ಭಾನುವಾರ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಅವಳು ಗಂಡನನ್ನು ಕೇಳಿದಳು, "ಮುಂದೊಂದು ದಿನ ನಿನ್ನ ಗುರುತೇ ಸಿಗದೆ ಹೋದರೆ?"

ಅವನು ಹಾಸಿಗೆಯ ಹೊದಿಕೆಯ ಒಂದು ತುದಿ ಹಿಡಿದು ಹಿಂಡುತ್ತಿದ್ದ. "ಮಗಳು ಹುಟ್ಟಿದ ವರ್ಷ ಆಸ್ಪತ್ರೆಗೆ ಸೇರಿಸಿದ ದಿನ ನನ್ನ ನೋಡಿ 'ಯಾರಯ್ಯ ನೀನು, ಇಲ್ಲೇನು ಕೆಲಸ' ಅಂತ ಗದರಿಸಿದ್ದೆ. ಲಿಫ್ಟ್ ರಿಪೇರಿಗೆ ಬಂದಿದ್ದೀನಮ್ಮ ಅಂದೆ ನಾನು. ಸರಿ, ಬೇಗ ಮುಗಿಸು ಅಂದೆ ನೀನು."

"ನನಗೆ ನೆನಪೇ ಇಲ್ಲ" ಎಂದಳು ಅವಳು. ಅದು ಈಗಿನ ಮರೆವಲ್ಲವೆಂದು ತಿಳಿದು ಅವಳಿಗೆ ಸಣ್ಣಗೆ ನಗು ಬಂತು, ಬಂದ ಹಾಗೆಯೇ ದಣಿದು ನಿಂತಿತು. "ಮತ್ತೆ ಹಾಗೇ ಆದ್ರೆ ಏನ್ಮಾಡ್ತೀಯ?"

"ಏನ್ಮಾಡೋದು? ಆಗ ನೋಡೋಣ. ಈಗ ಆ ತುದಿ ಎಳಿ, ನೀರು ಸೋರ್ತಿದೆ."

ಅವಳು ನಡುಗುವ ಎರಡು ಕೈಗಳಿಂದಲೂ ಹಿಡಿದು ಎಳೆದಳು.